ಸುಣ್ಣ ಬಳಿದ ಗೋಡೆ

ನಾನು ಹಾಲಿನ ಗಾಡಿಯೊಂದರ ಬಲಬದಿಯ ಹೆಡ್‌ಲೈಟ್. ಕಾರ್ಖಾನೆಯಲ್ಲಿ ನನ್ನನ್ನು ಒಮ್ಮೆ ಹೊತ್ತಿಸಿ ನೋಡಿ, ಬೆನ್ನಿಗೆ ಒಪ್ಪಿಗೆಯ ಚೀಟಿ ಅಂಟಿಸಿದ್ದರು. ಆ ಚೀಟಿಯನ್ನು ನಾನು ಬಹಳ ನಂಬಿದ್ದೆ.

ಗಾಡಿಯ ಡ್ರೈವರ್ ಫಕೀರಪ್ಪ. ಗೋಕಾಕದ ಸುತ್ತಲಿನ ಹಳ್ಳಿಗಳ ಹಾಲು ತರಲು ಕೋಳಿ ಕೂಗುವ ಮೊದಲೇ ಹೊರಡುತ್ತಿದ್ದ. ಅಮಾವಾಸ್ಯೆಗೊಮ್ಮೆ ನನಗೆ ವಿಭೂತಿ ಎಳೆದು, "ದಾರಿ ತೋರಸಪಾ" ಎನ್ನುತ್ತಿದ್ದ. ಹನ್ನೊಂದು ವರ್ಷ ತೋರಿಸಿದೆ.

ಆಮೇಲೆ ಬೈಗುಳ ಶುರುವಾಯಿತು. "ಇದರ ಬೆಳಕ ಸತ್ತೈತಿ!" ಹಲ್ಲುಜ್ಜುವ ಪೇಸ್ಟ್ ಹಚ್ಚಿ ನನ್ನ ಮುಖ ತಿಕ್ಕಿದ. ಲೈಟಿನ ಕೆಲಸದ ಮೌನೇಶನ ಅಂಗಡಿಯಲ್ಲಿ ಎರಡು ಸಲ ಹೊಸ ಬಲ್ಬು ಹಾಕಿಸಿದ. ಎದುರಿನ ಮನೆಯ ಗೋಡೆಗೆ ಬೆಳಕು ಬಿಟ್ಟು, ಅಲ್ಲಿದ್ದ ಸಿಮೆಂಟಿನ ಜಾಹೀರಾತನ್ನು ಓದಿಸಿ ಪರೀಕ್ಷಿಸುವುದು ಮೌನೇಶನ ರೂಢಿ. ಫಕೀರಪ್ಪ ಪ್ರತಿ ಸಲವೂ ತಪ್ಪಿಲ್ಲದೆ ಓದುತ್ತಿದ್ದ. ರಸ್ತೆಗಿಳಿದರೆ ಮತ್ತೆ ಅದೇ ಬೈಗುಳ. ಹಾಗಾದರೆ ತಪ್ಪು ನನ್ನದೇ ಇರಬೇಕು. ನನ್ನೊಳಗಿನ ಬೆಳ್ಳಿಬಣ್ಣ ಒಂದು ಮೂಲೆಯಲ್ಲಿ ಕಂದಿತ್ತು. ಅದೇ ಕಾರಣವೇನೋ ಎಂದು ದಿನವೂ ಕೊರಗಿದೆ.

ಒಂದು ನಸುಕಿನಲ್ಲಿ ತಿರುವಿನ ಬಳಿ, ದಿನವೂ ಹಾಲು ಹಾಕುವ ಪಾರವ್ವ ಕ್ಯಾನಿನೊಂದಿಗೆ ನಿಂತಿದ್ದಳು. ಅವಳ ಸೀರೆಯ ಅಂಚಿನವರೆಗೂ ನಾನು ಬೆಳಗಿದೆ. ಗಾಡಿ ನಿಲ್ಲಲಿಲ್ಲ. ನಾನು ಕೂಗಲಾರೆ, ಉರಿಯಬಲ್ಲೆ, ಅಷ್ಟೇ. ಅವಳ ಚೀರಾಟ ಕೇಳಿದ ಮೇಲೆಯೇ ಬ್ರೇಕು ಬಿತ್ತು. ಕ್ಯಾನು ನನಗೆ ಬಡಿದು ಉರುಳಿತು.

"ಕಣ್ಣ ಕಾಣಂಗಿಲ್ಲೇನೋ ಭಾಡ್ಯಾ!"

"ಲೈಟ ಸರಿ ಇಲ್ಲಬೇ ಯವ್ವಾ," ಎಂದ ಫಕೀರಪ್ಪ. ಹಾಲು ಸುರಿಯುತ್ತಿದ್ದ ನನ್ನ ಮುಖವನ್ನು ಯಾರೂ ಒರೆಸಲಿಲ್ಲ.

ಅಂದು ಸಂಜೆಯೇ ಮೌನೇಶ ನನ್ನನ್ನೂ ಎಡಬದಿಯ ನನ್ನ ಜೋಡಿಯನ್ನೂ ಬಿಚ್ಚಿ ಹಲಗೆಯ ಮೇಲಿಟ್ಟ. ನಮ್ಮ ಜಾಗಕ್ಕೆ ಹಗಲಿನಂಥ ಬಿಳಿ ಬೆಳಕಿನ ಹೊಸ ಜೋಡಿ ಬಂತು. ಗೋಡೆ ಝಗ್ಗನೆ ಬೆಳಗಿತು.

"ಓದಪಾ ಕಾಕಾ."

"ಆನೆಗಲ್ಲು ಸಿಮೆಂಟು. ಮೊಮ್ಮಕ್ಕಳ ಕಾಲಕ್ಕೂ ಗಟ್ಟಿ," ಎಂದ ಫಕೀರಪ್ಪ ಸಲೀಸಾಗಿ. "ಈಗ ನೋಡು, ಹೆಂಗ ಕಾಣತೈತಿ!"

ಮದುವೆಗೆಂದು ಆ ಮನೆಯವರು ಹಿಂದಿನ ದಿನವಷ್ಟೇ ಗೋಡೆಗೆ ಸುಣ್ಣ ಬಳಿಸಿದ್ದರು. ಅಲ್ಲಿ ಒಂದಕ್ಷರವೂ ಇರಲಿಲ್ಲ.

ಮೌನೇಶ ಮೆಲ್ಲಗೆ ಗಾಡಿಯ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ.

"ಕಾಕಾ, ಗ್ವಾಡಿ ಖಾಲಿ ಐತಿ."

ಫಕೀರಪ್ಪ ಹೋಗಿ ಗೋಡೆಯನ್ನು ಮುಟ್ಟಿದ. ಬೆರಳಿಗೆ ಹತ್ತಿದ ಸುಣ್ಣವನ್ನು ಉಜ್ಜಿದ. "ಮಾಲಕರಿಗೆ ಹೇಳಬ್ಯಾಡೋ. ಗಾಡಿ ಬಿಟ್ಟರ ನಾ ಏನ ಮಾಡ್ಲಿ?"

"ಪಾರವ್ವ ಸತ್ತಿದ್ರ ಏನ ಮಾಡ್ತಿದ್ದಿ?"

ಎರಡು ಅಮಾವಾಸ್ಯೆ ಕಳೆದವು. ಹಲಗೆಯ ಮೇಲೆ ಧೂಳು ತಿನ್ನುತ್ತಿದ್ದ ನನ್ನನ್ನು ಹುಡುಕಿಕೊಂಡು ಫಕೀರಪ್ಪ ಬಸ್ಸಿನಲ್ಲಿ ಬಂದ. ಕಣ್ಣಿನ ನರ ಒಣಗಿವೆಯಂತೆ, ಹೋದ ದೃಷ್ಟಿ ಬರುವುದಿಲ್ಲವಂತೆ. ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಪಂಚೆಯ ತುದಿಯಿಂದ ಒರೆಸಿದ. ಒಣಗಿದ ಹಾಲಿನ ಕಲೆ ಇನ್ನೂ ಇತ್ತು.

"ಒಮ್ಮೆ ಹಚ್ಚೋ ಇದನ್ನ."

ಮೌನೇಶ ಬ್ಯಾಟರಿಗೆ ತಂತಿ ತಾಗಿಸಿದ. ಕಂದಿದ ಮೂಲೆಯನ್ನೂ ಮರೆತು, ಇದ್ದ ಶಕ್ತಿಯನ್ನೆಲ್ಲ ಸುರಿದು ಉರಿದೆ. ಈ ಒಂದು ಸಲ ಕಾಣಲಿ, ಈ ಒಂದೇ ಸಲ.

ಫಕೀರಪ್ಪ ಎಲ್ಲೋ ನೋಡುತ್ತಿದ್ದ. ಅಂಗೈಯನ್ನು ನನ್ನ ಮುಖದ ಮೇಲಿಟ್ಟು, ಬಿಸಿಯೇರುವವರೆಗೆ ಕಾದ.

"ಹತ್ತೈತಿ," ಎಂದ.