ನೂರು ಗೆರೆಯ ಡಬ್ಬ

ಆ ದ್ವೀಪ ಎಷ್ಟು ಚಿಕ್ಕದೆಂದರೆ, ಒಂದು ತುದಿಯಲ್ಲಿ ಯಾರಾದರೂ ಸೀನಿದರೆ ಇನ್ನೊಂದು ತುದಿಯಲ್ಲಿ ಬಿಸಿನೀರಿಗೆ ಒಲೆ ಹಚ್ಚುತ್ತಿದ್ದರು. ಅಂಥಲ್ಲಿ ಮಾವ-ಸೊಸೆಯ ಜಗಳ ಗುಟ್ಟಾಗಿ ಉಳಿದೀತೇ? ಅದೂ ಆಸ್ತಿಗಲ್ಲ, ಆಕಾಶಕ್ಕಾಗಿ ನಡೆದ ಜಗಳ.

ಸೊಸೆ ಏಳನೆಯ ತರಗತಿಗೆ ಹವಾಮಾನದ ಪಾಠ ಹೇಳುವ ಟೀಚರ್. ಮಾವ ನಲವತ್ತು ವರ್ಷಗಳಿಂದ ಹಿತ್ತಲಲ್ಲಿ ಮಳೆಡಬ್ಬ ಇಟ್ಟು, ದಿನವೂ ಬೆಳಗ್ಗೆ ಎಂಟಕ್ಕೆ ನೀರು ಎಷ್ಟನೆಯ ಗೆರೆ ಮುಟ್ಟಿದೆಯೆಂದು ನೋಡಿ ಪುಸ್ತಕದಲ್ಲಿ ಬರೆದು, ಡಬ್ಬ ಬರಿದು ಮಾಡುತ್ತಿದ್ದವರು. ಜ್ವರವಿದ್ದಾಗಲೂ ಬರೆದರು. ಮಗನ ಮದುವೆಯ ದಿನ ಅದನ್ನು ಬರೆದ ಮೇಲೆಯೇ ಹೊಸ ಅಂಗಿ ತೊಟ್ಟರು.

"ಸಮುದ್ರ ಬಿಸಿಯಾಗ್ತಿದೆ ಮಾವ. ಬಿಸಿಯಾದ ಗಾಳಿ ಹೆಚ್ಚು ನೀರು ಹೊತ್ಕೊಂಡು ಬರುತ್ತೆ. ಮಳೆ ಬರೋ ರೀತಿನೇ ಬದಲಾಗಿದೆ."

"ನಿನ್ನ ಪಾಠದಲ್ಲಿ ಬದಲಾಗಿರಬಹುದಮ್ಮ. ನನ್ನ ಪುಸ್ತಕದಲ್ಲಿ ವರ್ಷದ ಮೊತ್ತ ಇದ್ದ ಹಾಗೇ ಇದೆ. ಪಾಪ, ಆಕಾಶ ನಿಮ್ಮ ಶಾಲೆಗೆ ಸೇರಿಲ್ಲ ಅಂತ ಕಾಣುತ್ತೆ."

ಹೆಡ್‌ಮಿಸ್ಸು ಟೀಚರನ್ನು ಆಗಲೇ ಎಚ್ಚರಿಸಿದ್ದರು: ಊರಿನದೇ ಲೆಕ್ಕ ತೋರಿಸಿ ಮಕ್ಕಳಿಗೆ ಮನವರಿಕೆ ಮಾಡಿದರೆ ಪಾಠ ಉಳಿಯುತ್ತದೆ, ಇಲ್ಲವಾದರೆ ಆ ಪಿರಿಯಡ್ ಗಣಿತದ ಪಾಲು. ಊರಿನ ಲೆಕ್ಕವೆಂದರೆ ಮಾವನ ಪುಸ್ತಕ ಒಂದೇ. ಅದನ್ನು ಅವರು ಯಾರ ಕೈಗೂ ಕೊಡುವವರಲ್ಲ. ಹಾಗಾಗಿ ಪುಸ್ತಕದ ಜೊತೆ ಅವರೂ ತರಗತಿಗೆ ಬಂದು, ಟೀಚರ್ ಕುರ್ಚಿಯಲ್ಲೇ ಕುಳಿತರು. ಹೆಡ್‌ಮಿಸ್ಸು ಕೊನೆಯ ಬೆಂಚು ಹಿಡಿದರು.

ಮಕ್ಕಳು ವರ್ಷವರ್ಷದ ಮೊತ್ತ ಕೂಡಿ ಕಪ್ಪುಹಲಗೆಯ ಮೇಲೆ ಕಂಬಗಳನ್ನು ಎಳೆದರು. ನಲವತ್ತು ಕಂಬಗಳೂ ಅಣ್ಣತಮ್ಮಂದಿರ ಹಾಗೆ ಒಂದೇ ಎತ್ತರಕ್ಕೆ ನಿಂತವು. ತರಗತಿಯಲ್ಲಿ ಕಿಸಿಕಿಸಿ ಎದ್ದಿತು. ಟೀಚರ್ ಸೀಮೆಸುಣ್ಣ ಹಿಡಿದು ಕಂಬಗಳನ್ನು ಮತ್ತೊಮ್ಮೆ ಎಣಿಸಿದಳು. ಮಾವ ಮೀಸೆಯಡಿ ನಗುತ್ತ, "ಗಣಿತ ಒಳ್ಳೇ ವಿಷಯ ಬಿಡಮ್ಮ" ಎಂದರು.

ಆಗ ಎದ್ದಳು, ಶಾಲೆಯೆಲ್ಲ 'ಪ್ರಶ್ನೆಪತ್ರಿಕೆ' ಎಂದು ಕರೆಯುತ್ತಿದ್ದ ಹುಡುಗಿ. ಪುಸ್ತಕದ ಮೇಲೆ ಬೆರಳಿಟ್ಟು ಕೇಳಿದಳು:

"ತಾತ, ಹಳೇ ಪುಟಗಳಲ್ಲಿ ದಿನಾ ಐದು, ಎಂಟು, ಹನ್ನೆರಡು ಗೆರೆ. ಹೊಸ ಪುಟಗಳಲ್ಲಿ ವಾರಗಟ್ಟಲೆ ಸೊನ್ನೆ, ಆಮೇಲೆ ಒಂದೇ ದಿನ ನೂರು. ಮತ್ತೆ ಸೊನ್ನೆ, ಮತ್ತೆ ನೂರು. ನೂರರ ಮೇಲೆ ಒಂದೂ ಇಲ್ಲ. ಮಳೆ ಯಾಕೆ ಸರಿಯಾಗಿ ನೂರಕ್ಕೇ ನಿಲ್ಲುತ್ತೆ? ಯಾರಾದ್ರೂ ಬ್ರೇಕ್ ಹಾಕ್ತಾರಾ?"

ಮಾವನ ನಗು ಮೀಸೆಯೊಳಗೇ ಉಳಿಯಿತು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಡಬ್ಬದಲ್ಲಿ ಇರೋದೇ ನೂರು ಗೆರೆ ಮಗಳೇ."

"ಅಂದ್ರೆ ಮಿಕ್ಕಿದ್ದು?"

"ಚೆಲ್ಲಿ ಹೋಯ್ತು." ದನಿ ಇಳಿಯಿತು. "ಕಣ್ಣಲ್ಲಿ ಕಾಣದ್ದನ್ನ ಬರೆಯೋದು ಹೇಗೆ? ನಲವತ್ತು ವರ್ಷ ಒಂದೂ ಸುಳ್ಳು ಬರೆದವನಲ್ಲ ನಾನು. ಡಬ್ಬ ಕೊಟ್ಟವರು, ಇದು ತುಂಬೋ ದಿನ ಬರಲ್ಲ ಅಂದಿದ್ರು. ಮೊದಲ ಇಪ್ಪತ್ತೈದು ವರ್ಷ ಒಂದ್ಸಲವೂ ತುಂಬಲಿಲ್ಲ."

ಟೀಚರ್‌ಗೆ 'ನೋಡಿದಿರಾ' ಎಂಬ ಮಾತು ನಾಲಗೆ ತುದಿಯವರೆಗೂ ಬಂದಿತ್ತು, ನುಂಗಿಕೊಂಡಳು. ಸೀಮೆಸುಣ್ಣವನ್ನು ಮಾವನ ಮುಂದೆ ಹಿಡಿದು, "ಆ ಸಣ್ಣ ಮಳೆ ಎಲ್ಲಿಗೆ ಹೋಗ್ತಿತ್ತು, ಈ ದೊಡ್ಡ ಮಳೆ ಎಲ್ಲಿಗೆ ಹೋಗುತ್ತೆ, ನೀವೇ ಹೇಳಿ ಮಾವ" ಎಂದಳು.

ಅವರು ಎದ್ದು ನಿಂತರು. "ಆಗ ಮಣ್ಣು ನಿಧಾನವಾಗಿ ಕುಡಿದು ಬಾವಿಗೆ ಕೊಡ್ತಿತ್ತು. ಈಗ ಒಂದೇ ಸಲ ಸುರಿದರೆ ಎಷ್ಟು ಅಂತ ಕುಡಿಯುತ್ತೆ? ನಮಗೆ ನದಿಯಿಲ್ಲ, ಕೆರೆಯಿಲ್ಲ. ನಾಲ್ಕು ಹೆಜ್ಜೆ ಹರಿದ್ರೆ ಸಮುದ್ರ. ಆಮೇಲೆ ಮಳೆನೀರು ಇಳಿಯದ ಬಾವಿಗೆ ಸಮುದ್ರವೇ ನುಗ್ಗಿ, ಬಾವಿ ಉಪ್ಪು."

ಹೇಳುತ್ತ ಹೇಳುತ್ತ ಕಳೆದ ವರ್ಷದ ಪುಟಗಳಲ್ಲಿ ಒಂದೊಂದು ನೂರನ್ನೂ ಹುಡುಕಿ, ಅದರ ಪಕ್ಕದಲ್ಲಿ ಪೆನ್ನಿನಿಂದ 'ಚೆಲ್ಲಿತು' ಎಂದು ಬರೆದರು. ಆ ಒಂದು ವರ್ಷಕ್ಕೇ ಹದಿನೇಳು ಸಲ ಬರೆದರು.

"ಹಾಗಾದ್ರೆ ಟೀಚರ್ ಹೇಳಿದ್ದು ಸರಿ!" ಎಂದಳು ಪ್ರಶ್ನೆಪತ್ರಿಕೆ.

"ಹಾಗಂತ ಯಾರು ಹೇಳಿದ್ರು?" ಮಾವ ಪುಸ್ತಕ ಮುಚ್ಚಿ ಸೊಸೆಯ ಕಡೆ ಓರೆಗಣ್ಣು ಹಾಯಿಸಿದರು. "ನನ್ನ ಡಬ್ಬ ಚಿಕ್ಕದು ಅಂದೆ, ಅಷ್ಟೆ."

ಕೊನೆಯ ಬೆಂಚಿನಿಂದ ಹೆಡ್‌ಮಿಸ್ಸು ಕೇಳಿದರು: "ಮುಂದಿನ ವರ್ಷದ ಪಾಠಕ್ಕೆ ಎಷ್ಟು ಗೆರೆಯ ಡಬ್ಬ ತರಿಸಲಿ ಟೀಚರ್?"