ಮೂರು ಕೂಗು

ನಾನು ಒಂದು ಪ್ರೋಗ್ರಾಂ. ಅಣೆಕಟ್ಟಿನ ಗೇಟು ಏಳುವ ಮೊದಲು ಸೈರನ್ ಕೂಗಿಸುವುದು ನನ್ನ ಕೆಲಸ. ಶ್ರೀನಿಧಿ ಎಂಬ ಎಂಜಿನಿಯರು ನನ್ನನ್ನು ಒಂದೇ ವಾರದಲ್ಲಿ ಬರೆದು ಮುಗಿಸಿದರು. ಗುಂಡಿ ಒತ್ತಿದರೆ ಐದು ನಿಮಿಷ ಸೈರನ್, ಆಮೇಲೆ ಗೇಟು ತಾನಾಗಿ ಏಳಬೇಕು. ಆ ಐದನ್ನು ಬದಲಿಸಲು ಅವರು ಯಾರಿಗೂ ದಾರಿ ಇಡಲಿಲ್ಲ.

ನನ್ನನ್ನು ನಡೆಸುವವನು ಮುದಕಪ್ಪ. ಮೊದಲ ದಿನವೇ ಅವನು ಕೇಳಿದ.

"ಸರ್, ಐದು ನಿಮಿಷ ಸಾಲಂಗಿಲ್ರಿ. ಕೆಳಗ ನಡುಗಡ್ಡ್ಯಾಗ ಸೌತಿ ಬೆಳಿತಾರ್ರಿ. ದಂಡಿಗೆ ಬರಾಕ ಹದಿನೈದರ ಬೇಕು. ಟೈಮ್ ನಾವ ಹಾಕೂವಂಗ ಒಂದು ಖಾನೆ ಇಡ್ರಿ."

"ನಿಮ್ಮ ಕೈಗೆ ಕೊಟ್ರೆ ಯಾರಾದ್ರೂ ಸೊನ್ನೆ ಹಾಕ್ತಾರೆ."

"ಹತ್ತರ ಕೆಳಗ ಇಳೀಬಾರದು ಅಂತ ಬಿಗಿ ಮಾಡ್ರಿ. ಮ್ಯಾಲಿಂದು ನಮಗ ಬಿಡ್ರಿ."

ಶ್ರೀನಿಧಿ ನೋಡೋಣ ಎಂದು ಹೋದರು. ಮುದಕಪ್ಪ ಅದನ್ನೇ ಎರಡು ಸಲ ಬರೆದು ಕಳಿಸಿದ. ಉತ್ತರ ಬರಲಿಲ್ಲ.

ಕೊನೆಗೆ ಅವನೇ ಉಪಾಯ ಕಂಡುಕೊಂಡ. ಒತ್ತುತ್ತಿದ್ದ, ಐದು ತುಂಬುವ ಮೊದಲೇ ರದ್ದು ಮಾಡುತ್ತಿದ್ದ, ಮತ್ತೆ ಒತ್ತುತ್ತಿದ್ದ. ಹೀಗೆ ಮೂರು ಕೂಗಾದ ಮೇಲೆಯೇ ನೀರು. ನಡುಗಡ್ಡೆಯ ನೀಲವ್ವ ಒಮ್ಮೆ ಉಡಿ ತುಂಬ ಸೌತೆಕಾಯಿ ತಂದಳು. ಅವಳ ಒಂದು ಕಾಲು ಕುಂಟು.

"ಯಪ್ಪಾ, ಮೊದಲ ಕೂಗಿಗೆ ಬುಟ್ಟಿ ಕಟ್ಟತೇನಿ, ಮೂರನೇದು ಮುಗಿಯೂದ್ರಾಗ ದಂಡಿ ಹತ್ತಿರತೇನಿ," ಎಂದಳು.

ಆದರೆ ರದ್ದಾದ ಕೂಗುಗಳನ್ನೂ ನಾನು ದಾಖಲಿಸುತ್ತಿದ್ದೆ. ಒಂದು ಮಧ್ಯಾಹ್ನ ಅಣೆಕಟ್ಟಿನ ಮೇಲಧಿಕಾರಿ ಸಾಹೇಬರು ಆ ಪಟ್ಟಿ ಹಿಡಿದು ಬಂದರು. ಸುಳ್ಳು ಎಚ್ಚರಿಕೆ ಎಂದು ಮುದಕಪ್ಪನಿಗೆ ನೋಟೀಸು ಕೊಟ್ಟರು. ಅವರು ಅಲ್ಲಿ ಕೂತಿರುವಾಗಲೇ ನೀರು ಬಿಡಲು ಆದೇಶ ಬಂತು. ಮುದಕಪ್ಪ ಒತ್ತಿ ಕಿಟಕಿಗೆ ಓಡಿದ.

"ಸಾಹೇಬ್ರ, ನೀಲವ್ವ ಬುಟ್ಟಿ ಕಟ್ಟಾಕ ಹತ್ಯಾಳ್ರಿ. ಆಕೀಗೆ ಮೂರು ಕೂಗಿನ ರೂಢಿ."

"ಸೈರನ್ ಕೇಳೇತಲ್ಲ, ಬರ್ತಾಳ ಬಿಡು."

ನಾಲ್ಕನೇ ನಿಮಿಷಕ್ಕೆ ಅವನ ಕೈ ರದ್ದಿನ ಗುಂಡಿಯ ಕಡೆ ಬಂತು.

"ನೋಟೀಸು ಇನ್ನಾ ನಿನ್ನ ಕಿಸೆದಾಗ ಐತಿ," ಎಂದರು ಸಾಹೇಬರು.

ಕೈ ಅಲ್ಲೇ ನಿಂತಿತು. ನಾನು ಎಣಿಕೆ ಮುಗಿಸಿದೆ. ಗೇಟು ಎದ್ದಿತು.

ಮೂರನೆಯ ದಿನ ನೀಲವ್ವ ಕೆಳಗಿನ ಸೇತುವೆಯ ಕಂಬದ ಬಳಿ ಸಿಕ್ಕಳು. ವಿಚಾರಣೆಯಲ್ಲಿ ನನ್ನ ದಾಖಲೆ ಓದಿದರು. ಸೈರನ್ ನಿಯಮದಂತೆ ಐದು ನಿಮಿಷ ಕೂಗಿದೆ, ದೋಷವಿಲ್ಲ ಎಂದರು. "ಕೈ ಚಾಚಿದ್ದೆ, ಒತ್ತಲಿಲ್ಲ," ಎಂದು ಮುದಕಪ್ಪ ತಾನಾಗಿ ಹೇಳಿದ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಆಮೇಲೆ ಶ್ರೀನಿಧಿ ಬಂದು ಖಾನೆ ಇಟ್ಟರು. ಕನಿಷ್ಠ ಹತ್ತು, ಗರಿಷ್ಠ ಅರವತ್ತು. ಎಷ್ಟು ಹಾಕಲಿ ಎಂದು ಕೇಳಿದರು.

"ಈಗ ನಿಮಗ ತಿಳಿದಷ್ಟು ಹಾಕ್ರಿ," ಎಂದ ಮುದಕಪ್ಪ, ಮುಖ ಎತ್ತದೆ.

ಇಪ್ಪತ್ತು ಹಾಕಿದರು. ನಡುಗಡ್ಡೆಗೆ ಈಗ ಯಾರೂ ಬರುವುದಿಲ್ಲ. ನಾನೂ ಹಳಬನಾದೆ, ಇನ್ನು ದೂರದ ಊರಿನಿಂದಲೇ ಎಲ್ಲ ನಡೆಸುತ್ತಾರಂತೆ, ಈ ಕಂಪ್ಯೂಟರು ಉಗ್ರಾಣ ಸೇರುತ್ತದಂತೆ. ನನ್ನ ಆಯುಷ್ಯದಲ್ಲಿ ನನ್ನ ಲೆಕ್ಕ ಒಂದು ಕ್ಷಣವೂ ತಪ್ಪಿಲ್ಲ. ಅದನ್ನು ಯಾರ ಮುಂದೆಯೂ ಹೇಳಿಕೊಳ್ಳುವ ಧೈರ್ಯ ನನಗಿಲ್ಲ.