ಮರಳಿನ ಮೇಲೆ ಹಾಕಿದ ತಪ್ಪು

ಭಾನುವಾರ ಬೆಳಗ್ಗೆ ಏಳು ಗಂಟೆಗೆ ಆ ಬೀದಿಯಲ್ಲಿ ಯಾರಿಗೂ ಅಲಾರಂ ಬೇಕಿರಲಿಲ್ಲ. ಬೋಲ್ಟು ತನ್ನ ಹಳೇ ಮೋಟಾರ್‌ಸೈಕಲ್ಲಿನ ಕಿಕ್ಕರ್ ಒದೆಯುತ್ತಿದ್ದ. ಅದು ಒಂದೆರಡು ಸಲ ಕೆಮ್ಮಿ, ಕ್ಯಾಕರಿಸಿ, ಆಮೇಲೆ ಎರಡೂ ಬದಿಯ ಮನೆಗಳ ಕಿಟಕಿ ಗಾಜು ನಡುಗುವ ಹಾಗೆ ಎದ್ದು ಕೂರುತ್ತಿತ್ತು. ಎದುರು ಮನೆಯ ಟೈಲರ್ ಅಷ್ಟರಲ್ಲಿ ಶೆಡ್ಡಿನ ಬಾಗಿಲು ತೆಗೆದು, ತಾನೇ ಹೊಲಿದ ಹೊದಿಕೆಯನ್ನು ಕಾರಿನ ಮೇಲಿಂದ ನಿಧಾನವಾಗಿ ಸರಿಸುತ್ತಿದ್ದ, ಮಲಗಿರುವ ಮಗುವನ್ನು ಎಬ್ಬಿಸುವವನ ಹಾಗೆ.

ಎರಡೇ ಬಾಗಿಲಿನ, ಗುಂಡು ದೀಪದ, ಬೆಣ್ಣೆ ಬಣ್ಣದ ಪುಟಾಣಿ ಕಾರು ಅದು. ನಾಲ್ಕು ಜನ ಕೂತರೆ ಉಸಿರನ್ನು ಸರದಿಯಲ್ಲಿ ಬಿಡಬೇಕು. ಮೂವತ್ತು ವರ್ಷದ ಹಿಂದೆ ಗುಜರಿ ಅಂಗಳದಲ್ಲಿ, ಒಳಗೆ ಹುಲ್ಲು ಬೆಳೆದು ನಿಂತಿದ್ದ ಅದನ್ನು ಇಬ್ಬರೂ ಸೇರಿ ತಳ್ಳಿಕೊಂಡು ಬಂದಿದ್ದರು. ಬೋಲ್ಟುವಿನದು ಲೇತ್ ವರ್ಕ್‌ಶಾಪ್. ಎಲ್ಲೂ ಸಿಗದ ಬಿಡಿಭಾಗಗಳನ್ನೆಲ್ಲ ಅವನೇ ಕಬ್ಬಿಣ ಕಡೆದು ಮಾಡಿದ. ಸೀಟು, ಮೇಲ್ಛಾವಣಿಯ ಒಳಬಟ್ಟೆ, ಬಾಗಿಲಿನ ಜೇಬು, ಎಲ್ಲ ಟೈಲರನ ಕೈಕೆಲಸ.

"ಇದರಲ್ಲಿ ಕಂಪನಿಯವರು ಮಾಡಿದ್ದು ಅಂತ ಉಳಿದಿರೋದು ಹಾರ್ನ್ ಒಂದೇ. ಅದೂ ಕೆಲಸ ಮಾಡಲ್ಲ" ಅಂತ ಬೋಲ್ಟು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಬೋಲ್ಟುವಿನ ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಬೀದಿಗೆಲ್ಲ ನರ್ಸಮ್ಮ, ಟೈಲರನಿಗೆ ಮಾತ್ರ ಅತ್ತಿಗೆ. "ನಮ್ಮನೆಯವರಿಗೆ ಇಬ್ಬರು ಹೆಂಡ್ತೀರು. ಹಿರಿಯವಳಿಗೆ ವಾರ ವಾರ ಎಣ್ಣೆ, ನೀರು, ಮೈ ಒರೆಸೋದು. ನಂಗೆ ಬರೀ ಗೊರಕೆ" ಅನ್ನುತ್ತಲೇ ಅವಳು ಆ ಹಿರಿಯವಳ ಬೆನ್ನೇರಿ ಕೂರುತ್ತಿದ್ದಳು.

ದಾರಿಯಲ್ಲಿ ದನದ ಡಾಕ್ಟರ ಹಸಿರು ಕಾರು, ಬೇಕರಿಯ ಅಣ್ಣ ತಮ್ಮಂದಿರ ಎರಡು ಸ್ಕೂಟರು ಸೇರಿಕೊಳ್ಳುತ್ತಿದ್ದವು. ಊರಾಚೆಯ ಕೆರೆಯವರೆಗೆ ಒಂದು ಗಂಟೆಯ ದಾರಿ. ಡಾಕ್ಟರ ಕಾರು ಕುದಿಯದ ದಿನವೇ ಇರಲಿಲ್ಲ. ಅದು ತಣ್ಣಗಾಗುವ ತನಕ ಎಲ್ಲರೂ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತ, ಲೋಕದ ವಿಷಯವೆಲ್ಲ ಬಿಟ್ಟು ಕಾರ್ಬುರೇಟರಿನ ವಿಷಯಕ್ಕೆ ಜಗಳವಾಡುತ್ತಿದ್ದರು. ಒಮ್ಮೆ ಪಂದ್ಯ ಕಟ್ಟಿದಾಗ ನರ್ಸಮ್ಮ ಎಲ್ಲ ಗಂಡಸರಿಗಿಂತ ಬೇಗ ಟ್ಯೂಬು ಬದಲಾಯಿಸಿದ್ದಳು. "ಬ್ಯಾಂಡೇಜಿಗಿಂತ ಸುಲಭ, ಇದು ಕಿರುಚಲ್ಲ" ಅಂದಿದ್ದಳು. ಟೈಲರನಿಗೆ ಮಕ್ಕಳಿರಲಿಲ್ಲ. ಆರು ದಿನ ಬಗ್ಗಿಸಿದ ಬೆನ್ನನ್ನು ಅವನು ನೆಟ್ಟಗೆ ಮಾಡುತ್ತಿದ್ದದ್ದು ಆ ಒಂದು ದಿನ, ಆ ಸ್ಟೀರಿಂಗಿನ ಹಿಂದೆ.

ಹೀಗಿರುವಾಗ ಒಂದು ದಿನ ಅಂಗಡಿಯಲ್ಲಿ ಪ್ಯಾಂಟಿನ ಪಕ್ಕದ ಹೊಲಿಗೆ ಹಾಕುತ್ತಿದ್ದವನಿಗೆ ಗೆರೆ ನಡುವಲ್ಲಿ ಸೊಟ್ಟಗಾದಂತೆ ಕಂಡಿತು. ಬಿಚ್ಚಿ ಮತ್ತೆ ಹೊಲಿದ. ಮತ್ತೂ ಸೊಟ್ಟ. ಬೆರಳಿಟ್ಟು ಸವರಿ ನೋಡಿದರೆ ಹೊಲಿಗೆ ನೂಲು ಹಿಡಿದಷ್ಟು ನೇರ. ಸೊಟ್ಟಗಾಗಿದ್ದು ಹೊಲಿಗೆಯಲ್ಲ ಅಂತ ಅವನಿಗೆ ಆಗಲೇ ಗೊತ್ತಾಯಿತು.

ಬೇರೆ ಊರಿನ ಕಣ್ಣಿನ ಡಾಕ್ಟರ ಹತ್ತಿರ ಒಬ್ಬನೇ ಹೋಗಿ ಬಂದ. ಅವರು ಅಡ್ಡಗೋಡೆ ಮೇಲೆ ದೀಪ ಇಡುವವರಲ್ಲ. "ಎಡಗಣ್ಣಿನ ನಡುಭಾಗ ಹೋಗ್ತಾ ಇದೆ. ಬಲಗಣ್ಣಲ್ಲೂ ಶುರುವಾಗಿದೆ. ಗಾಡಿ ಓಡಿಸೋದು ಇವತ್ತಿಗೇ ನಿಲ್ಲಿಸಿ. ಬಲಗಣ್ಣಿಗೆ ಇಂಜೆಕ್ಷನ್ ಕೊಟ್ಟು ಉಳಿಸ್ಕೊಬಹುದು, ಮುಂದಿನ ವಾರ ಬನ್ನಿ" ಅಂದರು. ಟೈಲರ್ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಗುಂಡಿಗಳ ಡಬ್ಬಿಯ ತಳದಲ್ಲಿಟ್ಟ. ಹೆಂಡತಿಗೆ, "ಕನ್ನಡಕದ ನಂಬರು ಬದಲಾಗಿದೆಯಂತೆ" ಅಂದ. ಕಣ್ಣಿಲ್ಲದ ಟೈಲರನ ಹತ್ತಿರ ಯಾರು ಅಳತೆ ಕೊಡುತ್ತಾರೆ ಅನ್ನುವುದು ಒಂದು ಹೆದರಿಕೆ. ಅದಕ್ಕಿಂತ ದೊಡ್ಡದು, ಭಾನುವಾರ ಹೋಗಿಬಿಡುತ್ತದಲ್ಲ ಅನ್ನುವುದು.

ಆಮೇಲೆ ಅವನು ಒಂದು ಉಪಾಯ ಮಾಡಿದ. ಕಣ್ಣು ಕುಕ್ಕುವಂಥ ಹಳದಿ ಬಟ್ಟೆ ತಂದು ಬೋಲ್ಟುವಿಗೆ ಒಂದು ಜಾಕೆಟ್ ಹೊಲಿದು ಕೊಟ್ಟ. "ಏನಯ್ಯಾ, ನನ್ನನ್ನ ನಿಂಬೆಹಣ್ಣು ಮಾಡಿದೀಯ" ಅಂತ ಬೋಲ್ಟು ನಕ್ಕರೂ ಪ್ರತಿ ವಾರ ಅದನ್ನೇ ಹಾಕಿಕೊಂಡ. "ನೀನು ಮುಂದೆ ಹೋಗು, ನಾನು ಹಿಂದೆ ಬರ್ತೀನಿ" ಅಂತ ಟೈಲರ್ ಹೇಳುವುದು ರೂಢಿಯಾಯಿತು. ರಸ್ತೆ ಮಸುಕಾದರೂ ಆ ಹಳದಿ ಚುಕ್ಕೆ ಕಾಣುತ್ತಿತ್ತು. ಎರಡು ತಿಂಗಳು ಹಾಗೇ ನಡೆಯಿತು.

ಆ ಭಾನುವಾರ ನರ್ಸಮ್ಮನಿಗೆ ಡ್ಯೂಟಿ ಇತ್ತು. ದನದ ಡಾಕ್ಟರೂ ಬೇಕರಿಯವರೂ ಮುಂದೆ ಹೋಗಿಬಿಟ್ಟಿದ್ದರು. ಕೆರೆಗೆ ಇನ್ನು ಎರಡು ತಿರುವು ಇದೆ ಅನ್ನುವಾಗ ಪೊದೆಯಿಂದ ಒಂದು ಕರು ರಸ್ತೆಗೆ ಬಂತು. ಬೋಲ್ಟು ಬ್ರೇಕು ಹಾಕಿದ. ಎದುರು ಬಿಸಿಲು. ಟೈಲರನಿಗೆ ಹಳದಿಯೂ ಕಾಣಲಿಲ್ಲ, ಕೆಂಪು ದೀಪವೂ ಕಾಣಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ "ಬ್ರೇಕು! ಬ್ರೇಕು!" ಅಂತ ಕಿರುಚಿದ ಮೇಲೆಯೇ ಅವನ ಕಾಲು ಎದ್ದದ್ದು. ಡಿಕ್ಕಿ ಅಂಥ ಜೋರೇನಲ್ಲ. ಕಾರಿನ ಬಂಪರು ಒಂದು ಚೂರು ಒಳಗೆ ಹೋಯಿತು, ಅಷ್ಟೆ. ಆದರೆ ಮೋಟಾರ್‌ಸೈಕಲ್ಲು ಮಗುಚಿ ಬೋಲ್ಟುವಿನ ಬಲ ಮೊಣಕಾಲಿನ ಮೇಲೆ ಬಿತ್ತು.

ಮುಂದೆ ಹೋದವರು ತಿರುಗಿ ಬರುವಷ್ಟರಲ್ಲಿ ಕರು ಅದರ ಪಾಡಿಗೆ ಹೋಗಿತ್ತು. ಡಾಕ್ಟರು ಓಡಿ ಬಂದು "ಏನಾಯ್ತು?" ಅಂದರು. ಟೈಲರ್ ಬಾಯಿ ತೆರೆದ. ನೆಲದ ಮೇಲಿಂದ ಬೋಲ್ಟು, ಹಲ್ಲು ಕಚ್ಚಿಕೊಂಡೇ, "ಮರಳು ಮಾರಾಯ್ರೆ. ತಿರುವಲ್ಲಿ ಮರಳಿತ್ತು, ಜಾರಿಬಿಟ್ಟೆ. ಇವರು ಪಾಪ ಹಿಂದಿದ್ರು" ಅಂದ. ಡಾಕ್ಟರು ಟೈಲರನ ಹೆಂಡತಿಯ ಮುಖ ನೋಡಿದರು. ಅವಳು ಹೌದೆಂದು ತಲೆ ಆಡಿಸಿದಳು.

ಮೊಣಕಾಲಿಗೆ ಪ್ಲೇಟು ಹಾಕಿದರು. ಆರು ವಾರ ಹಾಸಿಗೆ, ಆಮೇಲೆ ಊರುಗೋಲು. ಇನ್ನು ಆ ಕಾಲಲ್ಲಿ ಕಿಕ್ಕರ್ ಒದೆಯುವುದು ಕನಸು ಅಂತ ಎಲ್ಲರಿಗೂ ತಿಳಿಯಿತು. ಟೈಲರ್ ಗೇರ್‌ಬಾಕ್ಸ್ ಕೆಟ್ಟಿದೆ ಅಂತ ನೆಪ ಹೇಳಿ ಕಾರು ಹೊರಗೆ ತೆಗೆಯುವುದನ್ನೇ ಬಿಟ್ಟ. ಭಾನುವಾರ ಬೋಲ್ಟು ಕುಂಟುತ್ತ ರಸ್ತೆ ದಾಟಿ ಶೆಡ್ಡಿಗೆ ಬರುತ್ತಿದ್ದ. ಇಬ್ಬರೂ ಕಾರಿನ ಒಳಗೆ, ನಿಂತಲ್ಲೇ, ಮುಂದಿನ ಸೀಟುಗಳಲ್ಲಿ ಕೂರುತ್ತಿದ್ದರು.

ಅಂಥ ಒಂದು ದಿನ ಬೋಲ್ಟು ಡ್ಯಾಶ್‌ಬೋರ್ಡ್ ಒರೆಸುತ್ತ ಕೇಳಿದ. "ಕಣ್ಣು ಎಷ್ಟು ದಿನದಿಂದ?"

ಟೈಲರ್ ಬೆಚ್ಚಿದ. "ನಿಂಗೆ ಹೇಗೆ..."

"ಮೂವತ್ತು ವರ್ಷ ನೀನು ಓಡಿಸೋದು ನೋಡಿದೀನಿ. ಅಷ್ಟು ನಿಧಾನ ಹೋಗ್ತಿದ್ದಾಗ ಬ್ರೇಕ್ ಹಾಕ್ದೆ ಇರೋನಲ್ಲ ನೀನು. ಎಷ್ಟು ದಿನದಿಂದ?"

"ಅದಕ್ಕೆ ಎರಡು ತಿಂಗಳು ಮುಂಚೆ ಗೊತ್ತಾಯ್ತು."

ಬೋಲ್ಟು ಒರೆಸುವುದನ್ನು ನಿಲ್ಲಿಸಿದ. "ಕಾಲು ಹೋಯ್ತು ಅಂತ ನಂಗೆ ಬೇಜಾರಿಲ್ಲ ಕಣೋ. ನಂಗೊಂದು ಮಾತು ಹೇಳ್ಬಾರದಿತ್ತಾ?"

ಟೈಲರ್ ಸ್ಟೀರಿಂಗಿನಿಂದ ಕೈ ತೆಗೆದ. "ಅತ್ತಿಗೆಗೆ ಹೇಳ್ಬಿಡ್ತೀನಿ" ಅಂದ.

"ಬಾಯಿ ಮುಚ್ಕೊಂಡು ಇರು. ಅವಳು ಕ್ಷಮಿಸೋ ಪೈಕಿ ಅಲ್ಲ. ಅವಳು ಮಾತು ಬಿಟ್ರೆ ನಾನು ಯಾರ ಮನೆಗೆ ಬರ್ಲಿ? ಮರಳು ಅಂದ್ರೆ ಮರಳು, ಅಷ್ಟೆ."

ಅದಾಗಿ ಇಪ್ಪತ್ತು ದಿನಕ್ಕೆ, ಬೆಳಗ್ಗೆ ಹನ್ನೊಂದರ ಸುಮಾರಿಗೆ, ಬೋಲ್ಟು ಲೇತಿನ ಮುಂದೆ ಸ್ಟೂಲಿನ ಮೇಲೆ ಕೂತಿದ್ದವನು ಉಸಿರು ಸಿಗುತ್ತಿಲ್ಲ ಅಂದನಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿದೆ ಅಂದರು. ಅದನ್ನು ನರ್ಸಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳು ಅಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟು. ಮಾತಾಡಿಸಲು ಬಂದವರ ಮುಂದೆಲ್ಲ ಅದೇ ಮಾತು. "ಹುಡುಗರ ಹಾಗೆ ವಾಲಿಸ್ಕೊಂಡು ಹೋಗಿರ್ತಾರೆ. ನಲವತ್ತು ವರ್ಷ ಗಾಡಿ ಓಡಿಸಿದ ಮನುಷ್ಯನಿಗೆ ರಸ್ತೇಲಿ ಮರಳು ಕಾಣಲ್ವಾ? ನಾನು ಒಬ್ಬಳು ಇದೀನಿ ಅನ್ನೋ ನೆನಪು ಬೇಡ್ವಾ?" ಕಪಾಟಿನ ಮೇಲಿದ್ದ ಗಂಡನ ಫೋಟೋವನ್ನು ಬೋರಲು ಹಾಕಿಬಿಟ್ಟಿದ್ದಳು. "ಆ ಮುಖ ನೋಡಿದ್ರೆ ಮೈ ಉರಿಯುತ್ತೆ" ಅನ್ನುತ್ತಿದ್ದಳು. ಡಾಕ್ಟರು, ಬೇಕರಿಯವರು ತಲೆ ತಗ್ಗಿಸಿ ಕೇಳುತ್ತಿದ್ದರು. ಅವರ ಜೊತೆ ಕೂತು ಟೈಲರನೂ ಕೇಳಿದ. ಒಂದು ಸಲ ಕೇಳಿದ, ಎರಡು ಸಲ ಕೇಳಿದ. ಸತ್ತವನು ತನ್ನ ಪರವಾಗಿ ಬಾಯಿ ಬಿಡಲಾರ. ಬಾಯಿ ಇದ್ದವನು ಮೂಲೆಯ ಕುರ್ಚಿಯಲ್ಲಿ ಕೂತಿದ್ದ.

ಮೂರನೆಯ ವಾರ ಅವನು ಬೆಳಗ್ಗೆಯೇ ಶರ್ಟು ಹಾಕಿಕೊಂಡು ಹೊರಟಾಗ ಹೆಂಡತಿಯೂ ಚಪ್ಪಲಿ ಮೆಟ್ಟಿದಳು. ಎಲ್ಲಿಗೆ ಅಂತ ಅವಳು ಕೇಳಲಿಲ್ಲ. "ನಾನೂ ಬರ್ತೀನಿ. ತಲೆ ಆಡಿಸಿದೋಳು ನಾನು" ಅಂದಳು. ಕಣ್ಣಿನ ವಿಷಯವನ್ನು ಅವನು ಅವಳಿಗೆ ಹೇಳಿದ್ದು ಆ ರಸ್ತೆ ದಾಟುವಾಗ. ಅವಳು ರಸ್ತೆಯ ನಡುವೆ ಒಂದು ಗಳಿಗೆ ನಿಂತಳು. ಆಮೇಲೆ ಅವನ ತೋಳು ಹಿಡಿದು ನಡೆದಳು.

ನರ್ಸಮ್ಮ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಟೈಲರ್ ಕೂರಲಿಲ್ಲ.

"ಅತ್ತಿಗೆ, ಅಲ್ಲಿ ಮರಳಿರ್ಲಿಲ್ಲ. ಅವನು ಜಾರ್ಲಿಲ್ಲ. ಕರು ಬಂತು ಅಂತ ಸರಿಯಾಗಿ ಬ್ರೇಕ್ ಹಾಕ್ದ. ನಾನು ಹಿಂದಿನಿಂದ ಗುದ್ದಿದೆ. ನಂಗೆ ಕಣ್ಣು ಸರಿ ಕಾಣ್ತಿರ್ಲಿಲ್ಲ. ಓಡಿಸ್ಬೇಡ ಅಂತ ಕಣ್ಣಿನ ಡಾಕ್ಟರು ಹೇಳಿದ್ರು. ಹೇಳಿದ ಮೇಲೂ ಓಡಿಸ್ದೆ."

ಅವಳ ಕೈಯಲ್ಲಿ ಒಂದು ಟವೆಲ್ಲು ಅರ್ಧ ಮಡಿಕೆಯಲ್ಲೇ ನಿಂತಿತು.

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಹೇಳ್ಬೇಡ ಅಂದಿದ್ದ."

"ಜೋರಾಗಿ ಹೋಗ್ತಿದ್ರಾ?"

"ಇಲ್ಲ. ಸೈಕಲ್ಲು ಕೂಡ ಹಿಂದೆ ಹಾಕ್ಬಹುದಿತ್ತು."

"ಬಿದ್ದ ತಕ್ಷಣ ಏನಂದ್ರು?"

ಟೈಲರ್ ನೆನಪು ಮಾಡಿಕೊಂಡ. "ಪೆಟ್ರೋಲ್ ಸೋರ್ತಾ ಇದೆ, ಕಾಕ್ ಮುಚ್ಚು ಅಂದ."

"ನನ್ನ ವಿಷಯ ಏನಾದ್ರೂ?"

ಹೆಂಡತಿಯ ಬೆರಳು ಅವನ ತೋಳನ್ನು ಒತ್ತಿತು. ಏನಾದರೂ ಒಂದು ಹೇಳಿಬಿಡಿ ಅನ್ನುವ ಹಾಗೆ. ಆದರೆ ಅವನ ಹತ್ತಿರ ಇನ್ನು ಸುಳ್ಳು ಉಳಿದಿರಲಿಲ್ಲ. "ಇಲ್ಲ ಅತ್ತಿಗೆ. ಗಾಡಿದೇ ಮಾತು."

ನರ್ಸಮ್ಮನ ಬಾಯಿಂದ ನಗುವಿನಂಥ ಒಂದು ಸದ್ದು ಬಂತು. ಅದು ಅಲ್ಲೇ ಒಡೆದು, ಇಷ್ಟು ದಿನ ತಡೆದದ್ದೆಲ್ಲ ಅದರ ಹಿಂದೆ ಬಂತು. ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ತುಂಬ ಹೊತ್ತು ಅತ್ತಳು. ಇಬ್ಬರೂ ನಿಂತೇ ಇದ್ದರು. ಕೊನೆಗೆ ಮುಖ ಒರೆಸಿಕೊಂಡು, ಅವರ ಕಡೆ ನೋಡದೆ, "ಹೋಗಿ. ಇನ್ನು ಬರ್ಬೇಡಿ" ಅಂದಳು. ಹೊಸ್ತಿಲು ದಾಟುವಾಗ ಟೈಲರನ ಹೆಂಡತಿ ತಿರುಗಿ ನೋಡಿದಳು. ನರ್ಸಮ್ಮ ಕಪಾಟಿನ ಮುಂದೆ ನಿಂತು ಫೋಟೋವನ್ನು ಎತ್ತಿ, ಸೆರಗಿನಿಂದ ಗಾಜು ಒರೆಸುತ್ತಿದ್ದಳು.

ಸುದ್ದಿ ಒಂದೇ ದಿನದಲ್ಲಿ ಎಲ್ಲರಿಗೂ ಮುಟ್ಟಿತು. ಬೇಕರಿಯ ಅಣ್ಣ ತಮ್ಮಂದಿರು ಬಟ್ಟೆ ಹೊಲಿಸಲು ಬೇರೆ ಅಂಗಡಿ ಹುಡುಕಿಕೊಂಡರು. ದನದ ಡಾಕ್ಟರು ಮಾತ್ರ ಒಮ್ಮೆ ಬಂದು, ಹೊರಗೇ ನಿಂತು, "ಒಂದು ಮಾತು ಹೇಳಿದ್ರೆ ಜೀವಮಾನ ಪೂರ್ತಿ ನನ್ನ ಪಕ್ಕದಲ್ಲೇ ಕೂರಿಸ್ಕೊಂಡು ಹೋಗ್ತಿದ್ದೆನಲ್ಲ ಮಾರಾಯ" ಅಂದು ಕಣ್ಣು ತುಂಬಿಕೊಂಡರು. ಟೈಲರ್ ಕಾರಿನ ಕೀ ತಂದು ಅವರ ಕೈಗಿಟ್ಟ. ಓಡದೆ ನಿಂತರೆ ಹಾಳಾಗುತ್ತದೆ, ತೆಗೆದುಕೊಂಡು ಹೋಗಿ ಅಂದ. ಡಾಕ್ಟರು ಬೇಡವೆನ್ನಲಿಲ್ಲ. ಬೋಲ್ಟುವಿನ ಮೋಟಾರ್‌ಸೈಕಲ್ಲನ್ನು ನರ್ಸಮ್ಮ ಬೇಕರಿಯ ತಮ್ಮನಿಗೆ ಕೊಟ್ಟಳು. ಅವನು ಅದನ್ನು ಆ ಬೀದಿಗೆ ಮತ್ತೆ ತರಲಿಲ್ಲ.

ಐದಾರು ತಿಂಗಳು ಕಳೆದವು. ಟೈಲರ್ ಈಗ ಹೊಸ ಬಟ್ಟೆ ಕತ್ತರಿಸುತ್ತಿರಲಿಲ್ಲ. ಅಂಚು ಮಡಿಸುವುದು, ಗುಂಡಿ ಹಚ್ಚುವುದು, ಹೀಗೆ ಬೆರಳಿಗೆ ಗೊತ್ತಿರುವ ಕೆಲಸ ಮಾಡುತ್ತಿದ್ದ. ಸೂಜಿಗೆ ದಾರ ಹೆಂಡತಿ ಪೋಣಿಸಿ ಕೊಡುತ್ತಿದ್ದಳು. ಒಂದು ಮಧ್ಯಾಹ್ನ ಬಾಗಿಲಲ್ಲಿ ಯಾರೋ ಬಿಳಿ ಉಡುಪಿನವರು ನಿಂತರು. ದನಿ ಕೇಳಿದ ಮೇಲೆ ಅವನು ಎದ್ದು ನಿಂತ.

"ಆ ಕಣ್ಣಿನ ಡಾಕ್ಟರ ಚೀಟಿ ಎಲ್ಲಿ?" ಅಂದಳು ನರ್ಸಮ್ಮ.

ಅವನು ಡಬ್ಬಿಯ ಗುಂಡಿಗಳನ್ನೆಲ್ಲ ಮೇಜಿನ ಮೇಲೆ ಸುರಿದು ಚೀಟಿ ತೆಗೆದುಕೊಟ್ಟ. ಅವಳು ಓದಿದಳು.

"ಇಂಜೆಕ್ಷನ್ ಒಂದೂ ತಗೊಂಡಿಲ್ಲ?"

"ಇಲ್ಲ. ತಗೊಳ್ಳೋಕೆ ಯಾವ ಮುಖ ಇದೆ?"

"ಕೇಳಿದ್ದು ಮುಖದ ವಿಷಯ ಅಲ್ಲ, ಕಣ್ಣಿನ ವಿಷಯ. ನನ್ನನ್ನ ಈಗ ಕಣ್ಣಿನ ವಿಭಾಗಕ್ಕೆ ಹಾಕಿದಾರೆ. ಮಂಗಳವಾರ ಹತ್ತು ಗಂಟೆಗೆ ಬನ್ನಿ. ತಿಂಡಿ ತಿಂದ್ಕೊಂಡು ಬನ್ನಿ." ಅವಳು ಹೊರಟವಳು ಮೆಟ್ಟಿಲ ಮೇಲೆ ನಿಂತಳು. "ಕ್ಷಮಿಸಿದೀನಿ ಅಂತ ತಿಳ್ಕೊಬೇಡಿ. ನಂಗೆ ಅದು ಆಗಲ್ಲ. ಪ್ರಯತ್ನ ಮಾಡಿ ನೋಡ್ದೆ."

"ಗೊತ್ತು ಅತ್ತಿಗೆ."

"ಅತ್ತಿಗೆ ಅನ್ಬೇಡಿ."

ಆರು ತಿಂಗಳಲ್ಲಿ ಆರು ಇಂಜೆಕ್ಷನ್ ಆಯಿತು. ಎಡಗಣ್ಣು ಹೋಯಿತು. ಬಲಗಣ್ಣಿನಲ್ಲಿ ದಾರಿ ನಡೆಯುವಷ್ಟು, ಎದುರಿಗೆ ಬಂದವರು ಯಾರು ಅಂತ ಹತ್ತಿರದಿಂದ ಗುರುತಿಸುವಷ್ಟು ಬೆಳಕು ಉಳಿಯಿತು. ಪ್ರತಿ ಸಲವೂ ಅವನ ತಲೆ ಅಲ್ಲಾಡದಂತೆ ಹಣೆ ಹಿಡಿದುಕೊಳ್ಳುತ್ತಿದ್ದವಳು ಅವಳೇ. "ಮೇಲೆ ನೋಡಿ. ಉಸಿರು ಬಿಡಿ. ಆಯ್ತು" ಅನ್ನುತ್ತಿದ್ದಳು. ಎಲ್ಲ ರೋಗಿಗಳಿಗೂ ಅವಳು ಹೇಳುವುದು ಅಷ್ಟೇ. ಕೊನೆಯ ಸಲ ಟೈಲರ್ ಏನೋ ಹೇಳಬೇಕೆಂದು ಕುರ್ಚಿಯಿಂದ ಏಳದೆ ಕೂತ. ಅವಳು ಅವನ ಕಣ್ಣಿಗೆ ಪಟ್ಟಿ ಅಂಟಿಸಿ, ಅದರ ಅಂಚನ್ನು ಹೆಬ್ಬೆರಳಿನಿಂದ ಎರಡು ಸಲ ಒತ್ತಿ, ಬಾಗಿಲ ಕಡೆ ತಿರುಗಿ ಮುಂದಿನವರನ್ನು ಕರೆದಳು. ಹೊರಗೆ ಬೆಂಚಿನ ಮೇಲೆ ಕಾದಿದ್ದ ಹೆಂಡತಿ ಅವನ ಕೈ ಹಿಡಿದುಕೊಂಡಳು. ಇಬ್ಬರೂ ನಡೆದೇ ಮನೆಗೆ ಬಂದರು.